ನಕಾರದ ನೆಲೆ

ಮನುಷ್ಯನ ಬಾಯಿಂದ ಹೊರಡುವ ವ್ಯಂಜನಗಳಲ್ಲಿ ನಕಾರದಷ್ಟು ಸಾಮಾನ್ಯವಾದುದು, ಶಿಶುವಿನ ತೊದಲಿನಿಂದ ಮೊದಲ್ಗೊಂಡು ಪಂಡಿತರ ವ್ಯಾಖ್ಯಾನದವರೆಗೆ ಎಡೆಬಿಡದೆ ಕೇಳಿಬರುವುದು, ಇನ್ನೊಂದು ಇರಲಾರದು. ಆದರೂ ಆ ನಕಾರವು ಎಲ್ಲಿ ಹುಟ್ಟುತ್ತದೆ, ಹೇಗೆ ಹುಟ್ಟುತ್ತದೆ ಎಂದು ಕೇಳಿದರೆ, ‘ನಾಲಗೆ ಹಲ್ಲಿಗೆ ತಾಗಿದಾಗ’ ಎಂಬ ಅರ್ಧ ಉತ್ತರಕ್ಕಿಂತ ಹೆಚ್ಚಿನದನ್ನು ವಿದ್ಯಾವಂತರಾದ ನಮ್ಮಲ್ಲಿಯೂ ಬಹುಮಂದಿ ಹೇಳಲಾರರು. ನಾಲಗೆ ಹಲ್ಲಿಗೆ ತಾಗಿದಾಗ ತಕಾರವೂ ಹುಟ್ಟುತ್ತದೆ, ದಕಾರವೂ ಹುಟ್ಟುತ್ತದೆ. ಅದೇ ಸ್ಥಾನವನ್ನು ಆಶ್ರಯಿಸಿದ ನಕಾರವನ್ನು ದಕಾರದಿಂದ ಬೇರ್ಪಡಿಸುವ ಕಾರ್ಯವು ನಾಲಗೆಯದಲ್ಲ. ನಾವು ಕಣ್ಣಾರೆ ಕಾಣದ, ಅಲುಗಿಸುತ್ತಿದ್ದೇವೆಂದು ಎಂದೂ ಅರಿಯದ, ಬಾಯ ಹಿಂಭಾಗದ ಮೆತ್ತನೆಯ ಅಂಗವೊಂದರದು.

ಈ ವಿಚಾರವನ್ನು ಗುಜರಾತನ್ನು, ಅದರಲ್ಲಿಯೂ ಅಹಮದಾಬಾದು, ವಡೋದರಾ, ಸೂರತ್ತುಗಳನ್ನು ಮುಂದಿಟ್ಟುಕೊಂಡು ನಡೆಸುವುದಕ್ಕೆ ಕಾರಣವುಂಟು. ಗುಜರಾತಿಯಲ್ಲಿಯೂ ಕನ್ನಡದಲ್ಲಿಯೂ ಅರ್ಥಭೇದವನ್ನುಂಟುಮಾಡುವ ಅನುನಾಸಿಕ ವ್ಯಂಜನಗಳು ಮುಖ್ಯವಾಗಿ ಮೂರೇ: ಮಕಾರ, ನಕಾರ, ಣಕಾರ. ಎರಡರಲ್ಲಿಯೂ ಙಕಾರ ಞಕಾರಗಳು ತಮ್ಮ ತಮ್ಮ ವರ್ಗದ ಅಕ್ಷರಗಳ ಹಿಂದೆ ಮಾತ್ರ ಸಹಜವಾಗಿ ಕಾಣಿಸಿಕೊಳ್ಳುತ್ತವೆ. ಎರಡರಲ್ಲಿಯೂ ಯಾವ ದೇಶ್ಯಪದವೂ ಣಕಾರದಿಂದ ಪ್ರಾರಂಭವಾಗದು. ನಾವು ಮನಸ್ಸಿಗೆ ‘ಮನ’ವೆಂದೂ ತೂಕಕ್ಕೆ ‘ಮಣ’ವೆಂದೂ ಹೇಳುವಂತೆ ಗುಜರಾತಿಯೂ ‘ಮನ್’, ‘ಮಣ್’ ಎಂದು ಹೇಳುತ್ತಾನೆ. ಹೀಗೆ ಮೇಲ್ನೋಟಕ್ಕೆ ಅವಳಿಗಳಂತೆ ತೋರುವ ಎರಡು ಭಾಷೆಗಳು, ಒಳಹೊಕ್ಕು ನೋಡಿದರೆ, ಅದೇ ಮೂರು ವರ್ಣಗಳನ್ನು ಬೇರೆ ಬೇರೆ ದಾರಿಯಿಂದ ಪಡೆದು ಬೇರೆ ಬೇರೆ ರೀತಿಯಲ್ಲಿ ಉಚ್ಚರಿಸುತ್ತಿರುವುವು. ಆ ಊರುಗಳಲ್ಲಿ ಕಾರ್ಖಾನೆ, ಬ್ಯಾಂಕು, ಉಪಾಹಾರಗೃಹಗಳನ್ನು ಆಶ್ರಯಿಸಿ ನೆಲೆಸಿರುವ ಕನ್ನಡದ ಸಂಸಾರಗಳ ಮಕ್ಕಳು ಈ ಎರಡು ರೀತಿಗಳನ್ನೂ ಒಂದೇ ನಾಲಗೆಯ ಮೇಲೆ ಹೊರಬೇಕಾಗಿ ಬಂದಿರುವುದರಿಂದ, ಪ್ರಶ್ನೆಯು ಕೇವಲ ಶಾಸ್ತ್ರದ ಪ್ರಶ್ನೆಯಲ್ಲ.

ಮೊದಲು ಅಂಗವ್ಯಾಪಾರವನ್ನು ನೋಡೋಣ. ಬಾಯ ಮೇಲ್ಛಾವಣಿಯ ಮುಂಭಾಗವು ಗಟ್ಟಿಯಾದ ತಾಲು. ಹಿಂಭಾಗವು ಮಾಂಸಮಯವಾದ ಮೃದುತಾಲು. ಅದರ ತುದಿಯಲ್ಲಿ ಜೋತಾಡುವುದೇ ಕಿರುನಾಲಗೆ. ನಾವು ಸುಮ್ಮನೆ ಉಸಿರಾಡುವಾಗ ಮೃದುತಾಲು ಕೆಳಗಿಳಿದಿರುತ್ತದೆ, ಗಂಟಲಿನಿಂದ ಮೂಗಿಗೆ ಹೋಗುವ ಬಾಗಿಲು ತೆರೆದಿರುತ್ತದೆ. ಮಾತಾಡತೊಡಗಿದೊಡನೆ ಅದನ್ನು ಮೇಲೆತ್ತುವ ಸ್ನಾಯುಗಳು ಬಿಗಿದು ಆ ಬಾಗಿಲನ್ನು ಮುಚ್ಚುತ್ತವೆ. ಕ, ತ, ಪ, ಸ ಮೊದಲಾದ ವರ್ಣಗಳೆಲ್ಲವೂ ಮುಚ್ಚಿದ ಬಾಗಿಲಿನವು. ನಕಾರದಲ್ಲಿಯಾದರೋ ಮೂರು ಕಾರ್ಯಗಳು ಏಕಕಾಲದಲ್ಲಿ ನಡೆಯಬೇಕು: ನಾಲಗೆಯ ತುದಿಯೋ ಅಂಚೋ ಮೇಲಿನ ಹಲ್ಲಿನ ಹಿಂಭಾಗಕ್ಕೆ ಅಥವಾ ಅದರ ಮೇಲಿನ ವಸಡಿಗೆ ಒತ್ತಿ ಬಾಯ ದಾರಿಯನ್ನು ಸಂಪೂರ್ಣವಾಗಿ ಕಟ್ಟಬೇಕು, ಗಂಟಲಿನ ಧ್ವನಿತಂತುಗಳು ಕಂಪಿಸುತ್ತಿರಬೇಕು, ಮೃದುತಾಲು ಇಳಿದು ಗಾಳಿಗೆ ಮೂಗಿನ ದಾರಿಯನ್ನು ಬಿಟ್ಟುಕೊಡಬೇಕು. ಓದುಗರು ‘ಅನ್ನ’ ಎಂಬ ಮಾತನ್ನು ಹೇಳುತ್ತ ನಡುವಿನ ನ್‌ಕಾರದ ಮೇಲೆ ನಿಂತು ಅದನ್ನು ಎಳೆಯಲಿ. ಉಸಿರಿರುವಷ್ಟು ಕಾಲ ಅದು ಮೊಳಗುವುದು. ಆಗ ಎರಡು ಬೆರಳುಗಳಿಂದ ಮೂಗನ್ನು ಬಿಗಿಯಾಗಿ ಹಿಡಿದರೆ ನಾದವು ತಕ್ಷಣ ಕಟ್ಟಿಹೋಗುವುದು. ‘ಅದ್ದ’ ಎಂದು ಹೇಳಿ ಮೂಗು ಹಿಡಿದರೆ ಯಾವ ವ್ಯತ್ಯಾಸವೂ ಆಗದು. ನೆಗಡಿಯಾದವನ ‘ಮನೆ’ ಕೇಳುವವನ ಕಿವಿಗೆ ‘ಬದೆ’ ಎಂಬಂತೆ ಬೀಳುವುದೂ ಇದರಿಂದಲೇ. ಅವನ ತುಟಿ ನಾಲಗೆಗಳು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದುವು, ಮೂಗು ಮಾತ್ರ ಸಹಕರಿಸಲಿಲ್ಲ.

ಬಾಯಿ ಮುಚ್ಚಿದ್ದರೂ ಅದು ನಿಷ್ಪ್ರಯೋಜಕವಾಗಿ ಇರುವುದಿಲ್ಲವೆಂಬುದು ಇಲ್ಲಿಯ ಸೂಕ್ಷ್ಮ. ಗಂಟಲಿನಿಂದ ಮೂಗಿಗೆ ಹೋಗುವ ನಾದಕ್ಕೆ ಮುಚ್ಚಿದ ಬಾಯಿಯು ಪಕ್ಕದ ಕೋಣೆಯಾಗಿ ನಿಂತು, ತನ್ನ ಉದ್ದಕ್ಕೆ ಅನುಗುಣವಾದ ಕಂಪನಗಳನ್ನು ಹೀರಿಕೊಳ್ಳುತ್ತದೆ. ಮಕಾರದಲ್ಲಿ ಮುಚ್ಚುವುದು ತುಟಿಯಾದ್ದರಿಂದ ಈ ಕೋಣೆ ಉದ್ದ. ನಕಾರದಲ್ಲಿ ಅದಕ್ಕಿಂತ ಮೊಟಕು. ಙಕಾರದಲ್ಲಿ ನಾಲಗೆಯ ಬುಡವೇ ಮೃದುತಾಲುವನ್ನು ಸೇರುವುದರಿಂದ ಕೋಣೆಯೇ ಇಲ್ಲವೆನ್ನುವಷ್ಟು ಕಿರಿದು. ಒಸಾಮು ಫುಜಿಮುರಾ ಎಂಬ ಜಪಾನೀ ವಿಜ್ಞಾನಿ 1962ರಲ್ಲಿ ಪ್ರಕಟಿಸಿದ ಅಳತೆಗಳಂತೆ ಹೀಗೆ ಹೀರಲ್ಪಡುವ ಕಂಪನಗಳು ಮಕಾರಕ್ಕೆ ಸೆಕೆಂಡಿಗೆ ಸುಮಾರು 1000ದ ಆಸುಪಾಸಿನಲ್ಲಿ, ನಕಾರಕ್ಕೆ ಸುಮಾರು 1500ರಿಂದ 2200ರ ನಡುವೆ, ಙಕಾರಕ್ಕೆ 3000ಕ್ಕೂ ಮೇಲೆ ಇರುವುವು. ಆದರೂ ಮೂರರ ಮೊಳಗೂ ಬಹುಮಟ್ಟಿಗೆ ಒಂದೇ ತೆರನಾದ ತಗ್ಗುದನಿಯ ಗುಂಜಾರವ. ಕಿವಿಯು ಇದು ಮ, ಇದು ನ ಎಂದು ನಿರ್ಣಯಿಸುವುದು ಆ ಮೊಳಗಿನಿಂದ ಅಷ್ಟಾಗಿ ಅಲ್ಲ, ಹಿಂದಿನ ಸ್ವರದಿಂದ ನಾಲಗೆ ಸ್ಥಾನಕ್ಕೆ ಏರುವ ಮತ್ತು ಸ್ಥಾನದಿಂದ ಮುಂದಿನ ಸ್ವರಕ್ಕೆ ಇಳಿಯುವ ಕ್ಷಣಿಕವಾದ ಸಂಕ್ರಮಣದಿಂದ. ಈ ಸಂಗತಿಯನ್ನು ನೆನಪಿನಲ್ಲಿಡಬೇಕು. ಪದಾದಿಯಲ್ಲಿ ಣಕಾರವೇಕೆ ಇಲ್ಲವೆಂಬ ಪ್ರಶ್ನೆಗೆ ಇದೇ ಕೀಲಿಕೈ.

ಅನುನಾಸಿಕವಿಲ್ಲದ ಭಾಷೆ ಪ್ರಪಂಚದಲ್ಲಿ ತೀರ ವಿರಳ. ಬೂಗನ್‌ವಿಲ್ ದ್ವೀಪದ ರೋಟೋಕಾಸ್ ಭಾಷೆಯ ಒಂದು ಉಪಭಾಷೆಯನ್ನೂ ಅಮೆರಿಕದ ವಾಯವ್ಯ ಕರಾವಳಿಯ ಲುಷೂಟ್‌ಸೀಡ್ ಭಾಷೆಯನ್ನೂ ಪಂಡಿತರು ಅಪವಾದಗಳಾಗಿ ತೋರಿಸುವರು. ಇನ್ನೊಂದು ತುದಿಯಲ್ಲಿ ನಮ್ಮ ನೆರೆಯ ಮಲಯಾಳವು ಓಷ್ಠ್ಯ, ದಂತ್ಯ, ವರ್ತ್ಸ್ಯ, ಮೂರ್ಧನ್ಯ, ತಾಲವ್ಯ, ಕಂಠ್ಯಗಳೆಂಬ ಆರು ಅನುನಾಸಿಕಗಳನ್ನು ಪ್ರತ್ಯೇಕವಾಗಿ ಉಳಿಸಿಕೊಂಡಿದೆ. ಕನ್ನಡವೂ ಗುಜರಾತಿಯೂ ಈ ಎರಡು ತುದಿಗಳ ನಡುವೆ ನಿಂತವು.

ಮೃದುತಾಲುವಿನ ವ್ಯಾಪಾರವನ್ನು ಕ್ಷ-ಕಿರಣಗಳಿಂದ ನೋಡಿ ಅರಿತದ್ದು ಈಚಿನ ಮಾತು. ಆದರೆ ಅದರ ಪರಿಣಾಮವನ್ನು ನಮ್ಮ ಶಿಕ್ಷಾಕಾರರೂ ಪ್ರಾತಿಶಾಖ್ಯಕಾರರೂ ಕಿವಿಯಿಂದಲೂ ಶರೀರಾನುಭವದಿಂದಲೂ ಗ್ರಹಿಸಿದ್ದರೆಂಬುದು ಹೆಮ್ಮೆಗೆ ತಕ್ಕ ಸಂಗತಿ. ಪಾಣಿನಿಯು ಅನುನಾಸಿಕವನ್ನು ಬಾಯಿ ಮೂಗುಗಳೆರಡರ ಸಹಯೋಗದಿಂದ ನುಡಿಯಲ್ಪಡುವ ವರ್ಣವೆಂದು ಲಕ್ಷಣೀಕರಿಸಿದನು. ಕೇವಲ ಮೂಗಿನದೆಂದು ಹೇಳದೆ ಎರಡನ್ನೂ ಕೂಡಿಸಿದ್ದರಲ್ಲಿಯೇ ಅವನ ಶ್ರವಣದ ನೈಶಿತ್ಯ ಕಾಣುತ್ತದೆ. ತೈತ್ತಿರೀಯ ಪ್ರಾತಿಶಾಖ್ಯವು ನಾಸಿಕೆಯ ತೆರೆಯುವಿಕೆಯಿಂದ ಆನುನಾಸಿಕ್ಯವು ಒದಗುವುದೆಂದು ಹೇಳುವಾಗ, ಬಾಗಿಲು ತೆರೆಯುವ ಕ್ರಿಯೆಯನ್ನೇ ಸೂಚಿಸಿದಂತಾಯಿತು. ಋಕ್ ಪ್ರಾತಿಶಾಖ್ಯವು ಅನುನಾಸಿಕಕ್ಕೆ ‘ರಕ್ತ’, ಅಂದರೆ ಬಣ್ಣ ಹಿಡಿದದ್ದು, ಎಂಬ ಸಂಜ್ಞೆಯನ್ನು ಕೊಟ್ಟಿತು. ನಮ್ಮ ಕೇಶಿರಾಜನು ಸುಮಾರು 1260ರಲ್ಲಿ ಶಬ್ದಮಣಿದರ್ಪಣವನ್ನು ರಚಿಸುವಾಗ ಶಬ್ದವು ಅನುಕೂಲವಾದ ಗಾಳಿಯ ಪ್ರೇರಣೆಯಿಂದ ನಾಭಿಮೂಲದಲ್ಲಿ ಹುಟ್ಟುವುದೆಂದೂ, ಶರೀರವೇ ವಾದ್ಯ, ನಾಲಗೆಯೇ ಅದನ್ನು ನುಡಿಸುವ ದಂಡವೆಂದೂ ವರ್ಣಿಸಿ ಇದೇ ಪರಂಪರೆಯನ್ನು ಕನ್ನಡಕ್ಕೆ ಇಳಿಸಿದನು.

ಆದರೆ ಈ ಗ್ರಂಥಗಳಲ್ಲೆಲ್ಲ ನನ್ನನ್ನು ಹೆಚ್ಚಾಗಿ ಸೆರೆಹಿಡಿದಿರುವುದು ಪಾಣಿನೀಯ ಶಿಕ್ಷೆಯ ಒಂದು ಶ್ಲೋಕ. ವೇದಪಾಠದಲ್ಲಿ ಸ್ವರಕ್ಕೆ ಮೂಗಿನ ಬಣ್ಣವನ್ನು ಏರಿಸುವ ‘ರಂಗ’ವೆಂಬ ಉಚ್ಚಾರವಿಶೇಷವುಂಟು. ಅದನ್ನು ಹೇಗೆ ನುಡಿಯಬೇಕೆಂಬುದಕ್ಕೆ ಶಿಕ್ಷಾಕಾರನು ಯಾವ ಋಷಿಯನ್ನೂ ಯಾವ ಆಚಾರ್ಯನನ್ನೂ ಪ್ರಮಾಣವಾಗಿ ತೋರದೆ, ಸೌರಾಷ್ಟ್ರದ ನಾರಿಯು ಮಜ್ಜಿಗೆಯ ವಾಚಕವಾದ ‘ತಕ್ರ’ ಶಬ್ದದ ಕೊನೆಯನ್ನು ಮೂಗಿನಲ್ಲಿ ಎಳೆದು ನುಡಿಯುವಂತೆ ನುಡಿಯಬೇಕೆಂದು ವಿಧಿಸುತ್ತಾನೆ. ಶ್ರುತಿಯ ಉಚ್ಚಾರಕ್ಕೆ ಗುಜರಾತಿನ ಗೃಹಿಣಿಯೋ ಗೊಲ್ಲತಿಯೋ ಆದರ್ಶವಾದಳು. ಅಂದಿನಿಂದ ಇಂದಿನವರೆಗೆ ಒಂದೇ ಎಳೆ ಹರಿದುಬಂದಿದೆಯೆಂದು ಸಾಧಿಸಲು ಸಾಕಷ್ಟು ಪ್ರಮಾಣಗಳು ಬೇಕಾಗುವುವು. ಆದರೆ ಪಶ್ಚಿಮ ತೀರದ ಜನರ ಪದಾಂತ್ಯದ ಆನುನಾಸಿಕ್ಯವು ಪ್ರಾಚೀನರ ಕಿವಿಗೂ ಎದ್ದುಕಾಣುವಂತಿತ್ತೆಂಬುದಂತೂ ಇದರಿಂದ ಸಿದ್ಧ. ಇಂದಿನ ಗುಜರಾತಿಯಲ್ಲಿ ನಪುಂಸಕಲಿಂಗದ ಗುರುತೇ ಮೂಗಿನ ಉಕಾರ: ದೊಡ್ಡವನು ‘ಮೋಟೋ’, ದೊಡ್ಡವಳು ‘ಮೋಟೀ’, ದೊಡ್ಡದು ‘ಮೋಟುಂ’. ಇಲ್ಲಿಯ ಸೊನ್ನೆಯನ್ನು ನಾವು ಮಕಾರವೆಂದು ಓದಲಾಗದು; ತುಟಿ ಮುಚ್ಚದೆ, ನಾಲಗೆ ತಾಗದೆ, ಮೃದುತಾಲುವೊಂದೇ ಇಳಿದು ಸ್ವರವನ್ನು ಮೂಗಿನಿಂದಲೂ ಹರಿಯಬಿಡುತ್ತದೆ. ‘ನಾನು’ ಎಂಬುದಕ್ಕೆ ಅವರು ಹೇಳುವ ‘ಹುಂ’ ಸಹ ಇದೇ ಬಗೆಯದು.

ಇನ್ನು ನಕಾರ ಣಕಾರಗಳ ಇತಿಹಾಸ. ಗಿರಿನಾರದ ಬಂಡೆಯ ಮೇಲೆ ಅಶೋಕನು ಕೆತ್ತಿಸಿದ ಧರ್ಮಶಾಸನಗಳ ಭಾಷೆಯು ಪೂರ್ವದೇಶದ ಶಾಸನಗಳಂತಲ್ಲದೆ ನ, ಣ, ಞಗಳನ್ನು ಬೇರೆ ಬೇರೆಯಾಗಿ ಉಳಿಸಿಕೊಂಡಿರುವುದು. ‘ರಾಜನ’ ಎಂಬರ್ಥದಲ್ಲಿ ಪೂರ್ವದವರು ‘ಲಾಜಿನೇ’ ಎಂದರೆ ಗಿರಿನಾರದವರು ‘ರಾಞೋ’ ಎಂದರು. ಆ ಬ್ರಾಹ್ಮೀಲಿಪಿಯಲ್ಲಿ ನಕಾರವೆಂದರೆ ಅಡ್ಡಗೆರೆಯೊಂದರ ಮೇಲೆ ನಿಲ್ಲಿಸಿದ ಲಂಬಗೆರೆ. ಅದರ ತಲೆಯ ಮೇಲೆ ಇನ್ನೊಂದು ಅಡ್ಡಗೆರೆಯನ್ನು ಎಳೆದರೆ ಣಕಾರ. ಕಾಲಕ್ರಮದಲ್ಲಿ ಪ್ರಾಕೃತಗಳಲ್ಲಿ ಈ ಎರಡರ ಗಡಿ ಕದಲಿತು. ವರರುಚಿಯ ಪ್ರಾಕೃತಪ್ರಕಾಶವು ಎಲ್ಲೆಡೆಯೂ ನಕಾರಕ್ಕೆ ಣಕಾರವನ್ನು ವಿಧಿಸಿತು. ಇಂದಿನ ಅಹಮದಾಬಾದು ಜಿಲ್ಲೆಗೆ ಸೇರಿದ ಧಂಧೂಕದಲ್ಲಿ ಜನಿಸಿ, ಪಾಟಣದಲ್ಲಿ ಸಿದ್ಧರಾಜ ಜಯಸಿಂಹನ ಆಶ್ರಯದಲ್ಲಿ ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಿದ್ಧಹೇಮ ಶಬ್ದಾನುಶಾಸನವನ್ನು ರಚಿಸಿದ ಹೇಮಚಂದ್ರಾಚಾರ್ಯನು ಇನ್ನೂ ಸೂಕ್ಷ್ಮವಾಗಿ ನಡೆದನು: ಪದಮಧ್ಯದ ನಕಾರಕ್ಕೆ ಣಕಾರವು ನಿತ್ಯ, ಪದಾದಿಯಲ್ಲಿ ವಿಕಲ್ಪ, ಅದೇ ಗ್ರಂಥದ ಎಂಟನೆಯ ಅಧ್ಯಾಯದಲ್ಲಿಯೇ ಪೈಶಾಚೀ ಭಾಷೆಯನ್ನು ವಿವರಿಸುವಾಗ ಇದಕ್ಕೆ ನೇರ ವಿರುದ್ಧವಾಗಿ ಣಕಾರಕ್ಕೆ ನಕಾರ. ಜೈನರ ಹಸ್ತಪ್ರತಿಗಳು ಪದಾದಿಯಲ್ಲಿಯೂ ದ್ವಿತ್ವದಲ್ಲಿಯೂ ನಕಾರವನ್ನೇ ಬರೆಯುವ ರೂಢಿಯನ್ನಿಟ್ಟುಕೊಂಡವು. ಬಹುಕಾಲ ಇದನ್ನು ಲಿಪಿಕಾರರ ಸಂಪ್ರದಾಯವೆಂದು ಮಾತ್ರ ತಿಳಿಯಬಹುದಾಗಿತ್ತು. ಗುಜರಾತಿಯ ಇಂದಿನ ರೂಪಗಳನ್ನು ಪಕ್ಕದಲ್ಲಿಟ್ಟು ನೋಡಿದಾಗ ಅದರ ಹಿಂದೆ ಜೀವಂತವಾದ ಉಚ್ಚಾರವೊಂದು ಇದ್ದಿತೆಂದು ನಾನು ನಂಬುತ್ತೇನೆ.

ಏಕೆಂದರೆ ಗುಜರಾತಿಯಲ್ಲಿ ನಡೆದುದು ಇಷ್ಟು: ಪ್ರಾಕೃತದ ಒಂಟಿ ಣಕಾರವು ಣಕಾರವಾಗಿಯೇ ನಿಂತಿತು, ಜೋಡಿ ಣಕಾರವು ಒಂಟಿಯಾಗುತ್ತ ನಕಾರವಾಯಿತು. ಸಂಸ್ಕೃತದ ‘ಪಾನೀಯ’ದಲ್ಲಿ ಇರುವುದು ನಕಾರ, ಗುಜರಾತಿಯ ನೀರು ‘ಪಾಣೀ’. ಸಂಸ್ಕೃತದ ‘ಕರ್ಣ’ದಲ್ಲಿ ಇರುವುದು ಣಕಾರ, ಗುಜರಾತಿಯ ಕಿವಿ ‘ಕಾನ್’. ಇದ್ದ ಕಡೆ ಹೋಯಿತು, ಇಲ್ಲದ ಕಡೆ ಬಂದಿತು. ಅಹಮದಾಬಾದಿನ ಬೀದಿಯ ಬೀಡಾ ಅಂಗಡಿಯೊಂದರ ಮುಂದೆ ನಿಂತರೆ ಈ ನಿಯಮದ ಎರಡು ನಿದರ್ಶನಗಳು ಒಂದೇ ಅಂಗೈಯಲ್ಲಿ ಸಿಕ್ಕುವುವು: ಎಲೆಯು ‘ಪಾನ್’, ಅದು ‘ಪರ್ಣ’ದಿಂದ ಬಂದುದು, ಸುಣ್ಣವು ‘ಚೂನೋ’, ಅದು ‘ಚೂರ್ಣ’ದಿಂದ ಬಂದುದು. ನಾವು ಅದೇ ಚೂರ್ಣದಿಂದ ‘ಸುಣ್ಣ’ವನ್ನು ಪಡೆದೆವು, ವರ್ಣದಿಂದ ‘ಬಣ್ಣ’ವನ್ನು ಪಡೆದೆವು, ಪ್ರಾಕೃತದ ಜೋಡಿ ಣಕಾರವನ್ನು ಕನ್ನಡವು ಇಂದಿಗೂ ಜೋಡಿಯಾಗಿಯೇ, ಮೂರ್ಧನ್ಯವಾಗಿಯೇ ಕಾಪಾಡಿಕೊಂಡಿದೆ. ಗುಜರಾತಿಯಲ್ಲಿ ಮೈಬಣ್ಣವು ‘ವಾನ್’ ಆಗಿ ಹೋಯಿತು. ಒಂಟಿ ಣಕಾರದ ವಿಷಯದಲ್ಲಿಯಾದರೋ ಎರಡು ಭಾಷೆಗಳೂ ಒಂದೇ ಪ್ರಾಕೃತದ ಮನೆಯಿಂದ ಒಡವೆಯನ್ನು ತಂದುಕೊಂಡವು: ‘ಧನಿನ್’ನಿಂದ ಅವರಿಗೆ ‘ಧಣೀ’ಯಾದರೆ ನಮಗೆ ‘ಧಣಿ’, ಅವರಲ್ಲಿ ತಿಳಿಯುವುದಕ್ಕೆ ‘ಜಾಣವುಂ’ ಎಂದರೆ ನಮ್ಮಲ್ಲಿ ತಿಳಿದವನು ‘ಜಾಣ’.

ಎರಡು ನಾಡುಗಳ ನಡುವೆ ಇಂಥ ಕೊಡುಕೊಳೆ ಆಶ್ಚರ್ಯವಲ್ಲ. ಶಕ 734ರ, ಎಂದರೆ ಕ್ರಿ.ಶ. 812ರ ಬರೋಡಾ ತಾಮ್ರಶಾಸನವು, ‘ವಟಪದ್ರಕ’ವೆಂಬ ಹೆಸರಿನಿಂದ ಇಂದಿನ ವಡೋದರೆಯನ್ನು ಉಲ್ಲೇಖಿಸುವ ದಾನಪತ್ರವು, ದಕ್ಷಿಣ ಗುಜರಾತಿನ ಲಾಟದೇಶವನ್ನಾಳಿದ ರಾಷ್ಟ್ರಕೂಟ ಶಾಖೆಯ ಕರ್ಕರಾಜನದು, ಕವಿರಾಜಮಾರ್ಗಕ್ಕೆ ಆಸ್ಥಾನವನ್ನೊದಗಿಸಿದ ಅಮೋಘವರ್ಷನು ಬಾಲ್ಯದಲ್ಲಿ ಸಿಂಹಾಸನವನ್ನು ಉಳಿಸಿಕೊಂಡದ್ದು ಈ ಕರ್ಕನ ನೆರವಿನಿಂದ. ಪ್ರಾಕೃತಕ್ಕೂ ಗುಜರಾತಿಗೂ ನಡುವಣ ಹಂತವಾದ ಅಪಭ್ರಂಶದ ಮಹಾಕವಿ ಪುಷ್ಪದಂತನು ತನ್ನ ಮಹಾಪುರಾಣವನ್ನು ಬರೆದದ್ದು ಕನ್ನಡನಾಡಿನ ಮಾನ್ಯಖೇಟದಲ್ಲಿ. ಅಪಭ್ರಂಶದ ಮತ್ತೊಂದು ಪ್ರಧಾನ ಕಾವ್ಯ, ಧನಪಾಲನ ಭವಿಸತ್ತಕಹಾ, ಜರ್ಮನ್ ಪಂಡಿತ ಹರ್ಮನ್ ಯಾಕೋಬಿಗೆ 1914ರಲ್ಲಿ ಅಹಮದಾಬಾದಿನಲ್ಲಿ ದೊರೆತು 1918ರಲ್ಲಿ ಮ್ಯೂನಿಕ್ ನಗರದಲ್ಲಿ ಅಚ್ಚಾಯಿತು; ಅದೇ ಕಾವ್ಯವನ್ನು ಸಿ. ಡಿ. ದಲಾಲ್ ಮತ್ತು ಪಿ. ಡಿ. ಗುಣೆಯವರು ಸಂಪಾದಿಸಿದ ಆವೃತ್ತಿಯನ್ನು ವಡೋದರೆಯ ಗಾಯಕವಾಡ ಪ್ರಾಚ್ಯಗ್ರಂಥಮಾಲೆಯು 1923ರಲ್ಲಿ ಹೊರತಂದಿತು. ಗುಜರಾತಿಯ ನಕಾರದ ಪೂರ್ವಚರಿತ್ರೆಯನ್ನು ಬರೆಯುವುದು ಸಾಧ್ಯವಾದುದು ಇಂಥ ಹಸ್ತಪ್ರತಿಗಳನ್ನು ಕಾಪಾಡಿದ ಜೈನ ಭಂಡಾರಗಳಿಂದ.

ಇದುವರೆಗೆ ಹೇಳಿದ್ದು ವರ್ಣಗಳ ವಂಶಾವಳಿ. ನಾಲಗೆಯ ಮೇಲೆ ಅವು ಹೇಗಿವೆ? ಕನ್ನಡಿಗನು ‘ಮನೆ’ ಎಂಬುದನ್ನೂ ‘ಮಣೆ’ ಎಂಬುದನ್ನೂ ಒಂದರ ಹಿಂದೊಂದು ಹೇಳಿ ನಾಲಗೆಯ ನಡೆಯನ್ನು ಗಮನಿಸಲಿ. ಮೊದಲನೆಯದರಲ್ಲಿ ನಾಲಗೆಯ ಮುಂಭಾಗವು ಚಪ್ಪಟೆಯಾಗಿ ಹಲ್ಲಿನ ಬಳಿ ಮಲಗುವುದು. ಎರಡನೆಯದರಲ್ಲಿ ತುದಿಯು ಹಿಂದಕ್ಕೆ ಸುರುಳಿಗೊಂಡು, ತನ್ನ ಅಡಿಭಾಗದಿಂದ ಗಟ್ಟಿತಾಲುವನ್ನು ಮುಟ್ಟಿ, ಮುಂದಕ್ಕೆ ಬೀಸಿ ಇಳಿಯುವುದು. ಪೀಟರ್ ಲಾಡೆಫೋಗೆಡ್ ಮತ್ತು ಪೆರಿ ಭಾಸ್ಕರರಾವ್ ಅವರು 1983ರಲ್ಲಿ ಕ್ಷ-ಕಿರಣ ಚಿತ್ರಗಳ ನೆರವಿನಿಂದ ತೋರಿಸಿದಂತೆ, ತಮಿಳು ತೆಲುಗುಗಳ ಮೂರ್ಧನ್ಯಗಳಲ್ಲಿ ನಾಲಗೆಯ ಅಡಿಭಾಗವೇ ತಾಲುವನ್ನು ಮುಟ್ಟಿದರೆ ಹಿಂದಿಯ ಮೂರ್ಧನ್ಯಗಳಲ್ಲಿ ತುದಿಯು ವಸಡಿನ ಸ್ವಲ್ಪ ಹಿಂದಕ್ಕೆ ತಾಗಿ ತೃಪ್ತಿಪಡುತ್ತದೆ. ಕನ್ನಡದ ಣಕಾರವು ಮೊದಲಿನ ಗುಂಪಿಗೆ ಹತ್ತಿರ. ಗುಜರಾತಿಯ ಣಕಾರವು ಸ್ವರಗಳ ನಡುವೆ ಬಂದಾಗ ಪೂರ್ಣಸ್ಪರ್ಶವಾಗಿ ನಿಲ್ಲುವುದೇ ಅಪೂರ್ವ; ನಾಲಗೆ ಒಮ್ಮೆ ತಾಗಿ ಹಾರಿಹೋಗುವ, ಡಕಾರದ ಸಡಿಲರೂಪಕ್ಕೆ ಮೂಗನ್ನು ಸೇರಿಸಿದಂಥ ತಾಡನವಾಗಿರುತ್ತದೆ. ಆದ್ದರಿಂದ ಅವರ ‘ಪಾಣೀ’ ಮೊದಲು ಕೇಳಿದ ಕನ್ನಡಿಗನ ಕಿವಿಗೆ ‘ಪಾಣೀ’ ಎಂತಲೋ ‘ಪಾಡೀ’ ಎಂತಲೋ ಸಂಶಯವನ್ನುಂಟುಮಾಡಬಹುದು. ಇನ್ನು ನಮ್ಮ ‘ಅಣ್ಣ’, ‘ಬೆಣ್ಣೆ’, ‘ಹಣ್ಣು’ಗಳಲ್ಲಿರುವ ಸುದೀರ್ಘವಾದ ಜೋಡಿ ಣಕಾರಕ್ಕೆ ಗುಜರಾತಿಯ ತದ್ಭವಗಳಲ್ಲಿ ಸ್ಥಾನವೇ ಇಲ್ಲ, ಅದು ನಕಾರವಾಗಿ ಕರಗಿದ್ದನ್ನು ಕಂಡೆವಷ್ಟೆ, ಅಲ್ಲಿಯ ನಾಲಗೆಗೆ ‘ಅಣ್ಣ’ನು ‘ಅನ್ನ’ದತ್ತ ಜಾರುವುದು ಶತಮಾನಗಳ ಅಭ್ಯಾಸದ ಫಲ.

ಪದದ ಮೊದಲಲ್ಲಿ ಣಕಾರವಿಲ್ಲದಿರುವುದೂ ಈ ನಡೆಯಿಂದಲೇ ವಿಶದವಾಗುತ್ತದೆ. ನಾಲಗೆ ಹಿಂದಕ್ಕೆ ಸುರುಳಿಗೊಳ್ಳುವ ಕ್ರಿಯೆ ಹಿಂದಿನ ಸ್ವರದಲ್ಲಿಯೇ ಆರಂಭವಾಗಿ ಆ ಸ್ವರದ ಬಣ್ಣವನ್ನು ಮಾರ್ಪಡಿಸುತ್ತದೆ. ಮುಂದಿನ ಸ್ವರಕ್ಕೆ ಬಿಡುಗಡೆಯಾಗುವ ವೇಳೆಗೆ ತುದಿಯು ಆಗಲೇ ಹಲ್ಲಿನ ಕಡೆಗೆ ಬಂದುಬಿಟ್ಟಿರುತ್ತದೆ. ಕಿವಿಗೆ ಮೂರ್ಧನ್ಯದ ಗುರುತು ಸಿಕ್ಕುವುದು ಬಹುಪಾಲು ಏರುವ ದಾರಿಯಲ್ಲಿ. ಹಿಂದೆ ಸ್ವರವೇ ಇಲ್ಲದ ಪದಾದಿಯಲ್ಲಿ ಆ ಗುರುತಿಗೆ ಎಡೆಯಿಲ್ಲ. ಅಲ್ಲಿ ನ, ಣಗಳು ಕಿವಿಗೆ ಒಂದೇ ಆಗಿ, ಕೊನೆಗೆ ನಕಾರವೇ ಗೆಲ್ಲುತ್ತದೆ. ಹೇಮಚಂದ್ರನ ವಿಕಲ್ಪವಿಧಿಯ ಹಿಂದೆ ಇರುವ ತಥ್ಯವಿದು.

ಪ್ರಮಾಣಭಾಷೆಯೆಂದು ಎಣಿಸಲ್ಪಡುವ ಗುಜರಾತಿಯು ಅಹಮದಾಬಾದು ವಡೋದರೆಗಳ ನಡುನಾಡಿನ ನುಡಿಯನ್ನು ಆಧರಿಸಿದುದು. ದಕ್ಷಿಣಕ್ಕೆ ಸರಿದು ತಾಪಿಯ ದಡದ ಸೂರತ್ತಿಗೆ ಬಂದರೆ ವರ್ಣವ್ಯವಸ್ಥೆ ಬೇರೆ ಬಣ್ಣ ತಾಳುತ್ತದೆ. ಸಕಾರವು ಹಕಾರವಾಗುವುದನ್ನು ಎಲ್ಲರೂ ಬಲ್ಲರು; ‘ಸಾತ್’ ಎಂಬ ಏಳು ಅಲ್ಲಿ ‘ಹಾತ್’. ದಂತ್ಯ ಮೂರ್ಧನ್ಯಗಳ ನಡುವಣ ಗೆರೆಯೂ ಆ ಕಡೆಯ ಆಡುಮಾತಿನಲ್ಲಿ ಅಷ್ಟು ಗಟ್ಟಿಯಲ್ಲ. ಪಾರಸಿಗಳ ಗುಜರಾತಿಯಲ್ಲಿ ಆ ಗೆರೆಯೇ ಅಳಿಸಿಹೋಗಿರುವುದನ್ನು ಗ್ರಿಯರ್ಸನ್ನರು 1908ರ ತಮ್ಮ ಭಾಷಾಸಮೀಕ್ಷೆಯ ಸಂಪುಟದಲ್ಲಿ ಗುರುತಿಸಿದರು. ಪಾರಸಿಗಳ ಬಾಯಲ್ಲಿ ಪಾಣಿಯು ಪಾನಿಯೇ. ಇದನ್ನು ಅಶುದ್ಧಿಯೆಂದು ಹಳಿಯುವವರನ್ನು ನಾನು ಒಪ್ಪಲಾರೆ. ನಕಾರ ಣಕಾರಗಳನ್ನು ಬೆರೆಸಿದ ಪೈಶಾಚಿಗೆ ಹೇಮಚಂದ್ರನು ವ್ಯಾಕರಣದಲ್ಲಿ ಆಸನವಿತ್ತನು. ಬಂಗಾಳಿ ಹಿಂದಿಗಳ ತದ್ಭವಪದಗಳಲ್ಲಿ ಣಕಾರವು ನಕಾರದಲ್ಲಿ ಲೀನವಾಗಿ ಎಷ್ಟೋ ಕಾಲವಾಯಿತು. ಗುಜರಾತ್ ವಿದ್ಯಾಪೀಠವು ಗಾಂಧೀಜಿಯವರ ಪ್ರೇರಣೆಯಿಂದ 1929ರಲ್ಲಿ ಪ್ರಕಟಿಸಿದ ಜೋಡಣೀಕೋಶವು ಬರಹಕ್ಕೆ ಏಕರೂಪವನ್ನು ಕೊಟ್ಟಿತು, ಸೂರತ್ತಿನ ವಿದ್ಯಾರ್ಥಿಯೂ ಣಕಾರವನ್ನು ತಪ್ಪದೆ ಬರೆಯುತ್ತಾನೆ. ಆದರೆ ಬರಹವು ನಾಲಗೆಯನ್ನು ಆಳುವ ಶಕ್ತಿ ಎಲ್ಲೆಡೆಯೂ ಮಿತವಾದುದು.

ಅನುಸ್ವಾರದ ವಿಷಯ ಇನ್ನೂ ರಮ್ಯವಾದುದು. ಕನ್ನಡದ ಸೊನ್ನೆಯನ್ನು ‘ಅಂಕ, ಅಂಚು, ಅಂಟು, ಅಂದ, ಅಂಬು’ ಎಂಬೈದು ಮಾತುಗಳಲ್ಲಿ ಓದಿದರೆ ಐದು ಬೇರೆ ಬೇರೆ ಸ್ಥಾನಗಳಲ್ಲಿ ಬಾಯಿ ಮುಚ್ಚುವುದು. ಬರೆಯುವ ಚಿಹ್ನೆ ಒಂದೇ, ನಾಲಗೆಯು ಮುಂದೆ ಬರುವ ವರ್ಣವನ್ನು ಮೊದಲೇ ಅರಿತು ಸಿದ್ಧವಾಗಿರುತ್ತದೆ. ವೈಯಾಕರಣರು ಪರಸವರ್ಣವೆಂದ ಕಾರ್ಯವಿದು. ಗುಜರಾತಿಯಲ್ಲಿ ಈ ಪರಸವರ್ಣವು ಪಕ್ವವಾಗದೆ ಸ್ವರದಲ್ಲಿಯೇ ನಿಲ್ಲುವುದೂ ಉಂಟು. ಗುಜರಾತಿನ ಮನೆಗಳಲ್ಲಿ ಸಂಜೆಯ ಹೊತ್ತು ಹಿರಿಯರೂ ಕಿರಿಯರೂ ಕುಳಿತು ತೂಗುವ ಉಯ್ಯಾಲೆಗೆ ‘ಹೀಂಚಕೋ’ ಎಂದು ಹೆಸರು. ಇದರಲ್ಲಿಯ ಸೊನ್ನೆಯನ್ನು ಕೆಲವರು ನಾಲಗೆಯನ್ನು ತಾಲುವಿಗೊತ್ತಿ ಞಕಾರವಾಗಿ ನುಡಿಯುವರು. ಕೆಲವರು ನಾಲಗೆಯನ್ನು ತಾಗಿಸದೆ ಈಕಾರವನ್ನೇ ಮೂಗಿಗೇರಿಸಿ ಚಕಾರಕ್ಕೆ ಹಾಯುವರು. ಬೇಡುವುದೆಂಬರ್ಥದ ‘ಮಾಂಗವುಂ’ ಸಹ ಹೀಗೆಯೇ. ನಾಲಗೆಯೂ ಮೃದುತಾಲುವೂ ಯಾವ ಕ್ಷಣದಲ್ಲಿ ಜೊತೆಗೂಡಬೇಕೆಂಬ ಒಪ್ಪಂದದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೆ ವ್ಯಂಜನವು ಸ್ವರದ ಗುಣವಾಗಿ ಬಿಡುತ್ತದೆ. ಸಂಸ್ಕೃತದ ದಂತ, ಪಂಚ, ಕಂಟಕಗಳು ದಾಂತ್, ಪಾಂಚ್, ಕಾಂಟೋ ಎಂದಾಗಿರುವುದು ಈ ಮಾರ್ಗದಿಂದ. ಅಲ್ಲಿಯ ಸೊನ್ನೆಗಳೆಲ್ಲ ಮೂಗಿನ ಸ್ವರಗಳು.

ಕನ್ನಡದಲ್ಲಿಯೂ ದೀರ್ಘಸ್ವರದ ಮುಂದಿನ ಅನುನಾಸಿಕವು ಸಡಿಲಿತು. ಆದರೆ ಅದು ಸ್ವರದಲ್ಲಿ ಉಳಿಯದೆ ಪೂರ್ತಿಯಾಗಿ ಮಾಯವಾಯಿತು. ಹಳಗನ್ನಡದ ‘ದಾಂಟು’ ನಮಗೆ ‘ದಾಟು’. ‘ತೋಂಟ’ ನಮಗೆ ‘ತೋಟ’. ಗದುಗಿನ ತೋಂಟದಾರ್ಯ ಮಠದ ಹೆಸರಿನಲ್ಲಿ ಮಾತ್ರ ಆ ಹಳೆಯ ಅನುನಾಸಿಕವು ಭದ್ರವಾಗಿ ಕುಳಿತಿದೆ. ಗುಜರಾತಿಯು ಮೃದುತಾಲುವನ್ನು ಇಳಿಸಿಯೇ ಇಟ್ಟು ನಾಲಗೆಯನ್ನು ಬಿಟ್ಟುಕೊಟ್ಟಿತು, ಕನ್ನಡವು ಎರಡನ್ನೂ ಬಿಟ್ಟಿತು ಎಂದು ಹೇಳಬಹುದು. ಊಷ್ಮಗಳ ಹಿಂದೆ ಬರುವ ಸೊನ್ನೆಯಲ್ಲಿಯೂ ಭೇದವುಂಟು: ನಾವು ‘ಸಂಸ್ಕೃತ’ವನ್ನು ತುಟಿ ಮುಚ್ಚಿ ಮಕಾರದಿಂದ ನುಡಿದರೆ ಅವರು ನಾಲಗೆಯನ್ನೆತ್ತಿ ನಕಾರದಿಂದಲೋ ಬರಿಯ ಮೂಗಿನ ಸ್ವರದಿಂದಲೋ ನುಡಿಯುವರು. ಋಕಾರವನ್ನು ಅವರೂ ನಮ್ಮಂತೆ ‘ರು’ ಎಂದೇ ಹೇಳುವುದರಿಂದ ಆ ಪದದಲ್ಲಿ ಕನ್ನಡಿಗನನ್ನೂ ಗುಜರಾತಿಯನ್ನೂ ಬೇರ್ಪಡಿಸುವುದು ಪ್ರಧಾನವಾಗಿ ಈ ಒಂದು ಬಿಂದು.

ಈ ಸಮಸ್ತ ವಿಚಾರವನ್ನು ಆಧುನಿಕ ಪದ್ಧತಿಯಿಂದ ವ್ಯವಸ್ಥೆಗೊಳಿಸಿದ ಮಹನೀಯರಲ್ಲಿ ಪ್ರಬೋಧ ಪಂಡಿತರ ಹೆಸರು ಅಗ್ರಗಣ್ಯ. ಅಹಮದಾಬಾದಿನ ಪ್ರಾಕೃತ ವಿದ್ವಾಂಸರಾದ ಬೇಚರದಾಸ ದೋಶಿಯವರ ಪುತ್ರರಾಗಿ, ಲಂಡನ್ನಿನಲ್ಲಿ ರಾಲ್ಫ್ ಟರ್ನರರ ಬಳಿ ಸಂಶೋಧನೆ ನಡೆಸಿ ಬಂದ ಅವರು, 1957ರಲ್ಲಿ ಗುಜರಾತಿಯ ಆನುನಾಸಿಕ್ಯ, ಮಹಾಪ್ರಾಣತ್ವ ಮತ್ತು ಉಸಿರುಬೆರೆತ ಮರ್ಮರಸ್ವರಗಳ ಪರಸ್ಪರ ಸಂಬಂಧವನ್ನು ಕುರಿತು ಬರೆದ ಪ್ರಬಂಧವು ಇಂದಿಗೂ ಮೂಲಭೂತವಾದುದು. ಸ್ನಾನ ಮಾಡುವುದಕ್ಕೆ ಗುಜರಾತಿಯು ‘ನಾಹವುಂ’ ಎಂದು ಬರೆದು ನುಡಿಯುವಾಗ ಹಕಾರವನ್ನು ಬೇರೆಯಾಗಿ ಹೇಳದೆ ಸ್ವರದಲ್ಲಿಯೇ ಉಸಿರಾಗಿ ಬೆರೆಸುತ್ತಾನೆ; ನಕಾರದ ನಂತರ ಧ್ವನಿತಂತುಗಳು ಸಡಿಲವಾಗಿಯೇ ಕಂಪಿಸುತ್ತಿರುತ್ತವೆ. ಅನುನಾಸಿಕದೊಡನೆ ಹಕಾರವು ಸುಖವಾಗಿ ಬಾಳಲಾರದೆಂಬುದಕ್ಕೆ ನಮ್ಮಲ್ಲಿಯೂ ಸಾಕ್ಷಿಯುಂಟು: ‘ಚಿಹ್ನೆ’ಯನ್ನು ‘ಚಿನ್ಹೆ’ಯೆಂದೂ ‘ಮಧ್ಯಾಹ್ನ’ವನ್ನು ‘ಮಧ್ಯಾನ್ಹ’ವೆಂದೂ ವಿದ್ವಾಂಸರ ನಾಲಗೆಯೇ ತಿರುಗಿಸಿಬಿಡುತ್ತದೆ. ಇವೇ ಮೊದಲಾದ ವಿಷಯಗಳನ್ನೆಲ್ಲ ಒಳಗೊಂಡು, ಗುಜರಾತೀ ಭಾಷೆಯ ಧ್ವನಿಸ್ವರೂಪವನ್ನೂ ಧ್ವನಿಪರಿವರ್ತನವನ್ನೂ ಕುರಿತು ಪ್ರಬೋಧ ಪಂಡಿತರು ಬರೆದ ಗ್ರಂಥಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಕಾವ್ಯ ಕಾದಂಬರಿಗಳಿಗೆ ಮೀಸಲೆಂದು ಸಾಮಾನ್ಯವಾಗಿ ತಿಳಿಯಲಾದ ಆ ಗೌರವವನ್ನು ಗುಜರಾತಿ ಸಾರಸ್ವತಲೋಕವು ವರ್ಣೋಚ್ಚಾರದ ಶಾಸ್ತ್ರಕ್ಕೆ ದೊರಕಿಸಿಕೊಟ್ಟಿತೆಂಬುದು ಸಣ್ಣ ಮಾತಲ್ಲ. ಅವರಿಗೂ ಹಿಂದೆ ನರಸಿಂಹರಾವ್ ದಿವೇಟಿಯಾ, ಹಳೆಯ ಪಶ್ಚಿಮ ರಾಜಸ್ಥಾನಿಯನ್ನು ಅಭ್ಯಸಿಸಿದ ಇಟಲಿಯ ತೆಸ್ಸಿತೋರಿ, ಪ್ರಬೋಧ ಪಂಡಿತರ ಸಮಕಾಲೀನರಾಗಿ ಹರಿವಲ್ಲಭ ಭಾಯಾಣಿ ಮೊದಲಾದವರು ಈ ಕ್ಷೇತ್ರವನ್ನು ಉತ್ತಿದ್ದರು.

ಕನ್ನಡಕ್ಕೆ ಕೇಶಿರಾಜನ ಪರಂಪರೆಯಿದೆ, ಎ. ಎನ್. ನರಸಿಂಹಯ್ಯನವರು, ಜಿ. ಎಸ್. ಗಾಯಿಯವರು ಶಾಸನಗಳ ಭಾಷೆಯನ್ನು ಶೋಧಿಸಿದ ಕೃತಿಗಳಿವೆ. ಆದರೆ ನಮ್ಮ ಶಾಲೆಗಳಲ್ಲಿ ವರ್ಗೀಯ ಪಂಚಮಾಕ್ಷರಗಳನ್ನು ಮಕ್ಕಳಿಗೆ ಇಂದಿಗೂ ಕಣ್ಣಿಗೆ ಕಲಿಸುತ್ತಾರೆ, ಬಾಯಿಗೆ ಕಲಿಸುವುದು ಅಪರೂಪ. ಮಗುವು ಙ, ಞಗಳ ಆಕಾರವನ್ನು ತಿದ್ದಿ ತಿದ್ದಿ ಬೇಸತ್ತರೂ, ತಾನು ‘ಅಂಕ’ ‘ಅಂಚು’ ಎನ್ನುವಾಗಲೆಲ್ಲ ಅವನ್ನು ನುಡಿಯುತ್ತಲೇ ಇದ್ದೇನೆಂಬುದು ಅದಕ್ಕೆ ತಿಳಿಯದು. ಮೂಗು ಹಿಡಿದು ‘ಅನ್ನ’ ಹೇಳಿಸುವ ಪರೀಕ್ಷೆಗೆ ಒಂದು ಕಾಸಿನ ಖರ್ಚಿಲ್ಲ. ‘ಆನೆ’ ‘ಆಣೆ’ಗಳಲ್ಲಿ ನಾಲಗೆ ಎಲ್ಲಿದೆಯೆಂದು ಕೇಳಿ ಕನ್ನಡಿಯಲ್ಲಿ ತೋರಿಸುವುದಕ್ಕೆ ಐದು ನಿಮಿಷ ಸಾಕು. ಹೊರನಾಡಿನ ಮಕ್ಕಳಿಗೆ ಇದು ಇನ್ನೂ ಅಗತ್ಯ. ಸೂರತ್ತಿನಲ್ಲಿ ಬೆಳೆಯುವ ಕನ್ನಡದ ಮಗು ‘ಬೆಣ್ಣೆ’ಯನ್ನು ಮೆತ್ತಗೆ ನುಡಿದರೆ ಗದರಿಸಿ ತಿದ್ದುವುದರಿಂದ ಪ್ರಯೋಜನವಿಲ್ಲ, ನಾಲಗೆಯ ಅಡಿಭಾಗವನ್ನು ತಾಲುವಿಗೆ ತಾಗಿಸಿ ಅಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕೆಂದು ತೋರಿಸಿಕೊಟ್ಟರೆ ಅದು ಕಲಿಯುತ್ತದೆ.

ಇದರೊಡನೆ ಇನ್ನೊಂದು ಕೆಲಸವೂ ನಡೆಯಬೇಕು. ಬೀದರಿನಿಂದ ಕಾಸರಗೋಡಿನವರೆಗಿನ ಕನ್ನಡದ ಉಪಭಾಷೆಗಳಲ್ಲಿ ನಕಾರ ಣಕಾರಗಳೂ ಅನುಸ್ವಾರವೂ ಹೇಗೆ ನುಡಿಯಲ್ಪಡುತ್ತಿವೆಯೆಂಬುದನ್ನು, ಅಹಮದಾಬಾದು, ವಡೋದರಾ, ಸೂರತ್ತುಗಳಂಥ ಹೊರನಾಡುಗಳಲ್ಲಿ ಎರಡನೆಯ ಮೂರನೆಯ ತಲೆಮಾರಿನ ಕನ್ನಡಿಗರು ಅವನ್ನು ಹೇಗೆ ಮಾರ್ಪಡಿಸಿಕೊಂಡಿರುವರೆಂಬುದನ್ನು, ಧ್ವನಿಮುದ್ರಿಸಿ ಇಡಬೇಕು. ಹಿರಿಯರು ಜೀವಿಸಿರುವಾಗಲೇ ಈ ಕಾರ್ಯ ಸಾಧ್ಯ. ವಿಶ್ವವಿದ್ಯಾಲಯಗಳು ಕೈಗೆತ್ತಿಕೊಂಡರೆ ಒಳ್ಳೆಯದು. ಅವು ತಡಮಾಡಿದರೆ, ತಮ್ಮ ಮನೆಯ ಅಜ್ಜಿಯಿಂದ ‘ಮನೆ, ಮಣೆ, ಅನ್ನ, ಅಣ್ಣ, ಬೆನ್ನು, ಬೆಣ್ಣೆ’ ಎಂಬ ಮಾತುಗಳನ್ನು ಹೇಳಿಸಿ, ಊರು ವಯಸ್ಸುಗಳನ್ನು ಬರೆದು, ದೂರವಾಣಿಯಲ್ಲಿಯೇ ಮುದ್ರಿಸಿಕೊಳ್ಳುವ ಕೆಲಸವನ್ನು ಈ ಲೇಖನದ ಓದುಗರು ಇಂದೇ ಆರಂಭಿಸಬಹುದು.